ಕೈಗೆ ಕೊಡಿ

ಆ ಮನೆಯಲ್ಲಿ ಗುಲಾಬಕ್ಕನ ಕೈಗೆ ಯಾರೂ ಏನನ್ನೂ ಕೊಡುತ್ತಿರಲಿಲ್ಲ. ಇಡುತ್ತಿದ್ದರು.

ಸೋಪು, ತಲೆನೋವಿನ ಮಾತ್ರೆ, ಹಳೆಯ ಸ್ವೆಟರು, ಊರಿನಿಂದ ಬಂದ ಕಾಗದ. ಎಲ್ಲವೂ ಬೇಸ್‌ಮೆಂಟಿನ ವಾಷಿಂಗ್ ಮಷಿನ್ನಿನ ಮೇಲೆ. ಇಟ್ಟವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆಮೇಲೆ ಅವಳು ಎತ್ತಿಕೊಳ್ಳಬೇಕು. ಅವಳ ತಟ್ಟೆ, ಲೋಟ ಇದ್ದದ್ದು ಅದೇ ಮಷಿನ್ನಿನ ಮೇಲೆ. ಹಾಸಿಗೆ ಬಾಯ್ಲರಿನ ಪಕ್ಕ.

ಮನೆ ಮಹಾಬಲ ರಾಯರದು. ಕುಂದಾಪುರದ ಕಡೆಯವರು. ನ್ಯೂಜೆರ್ಸಿಯ ಐಸೆಲಿನ್‌ನಲ್ಲಿ, ಓಕ್ ಟ್ರೀ ರೋಡಿನಲ್ಲಿ ಅವರ ಸಸ್ಯಾಹಾರಿ ಹೋಟೆಲು. ಶನಿವಾರ ಭಾನುವಾರ ಪ್ಲೇನ್ಸ್‌ಬರೋದಿಂದ, ಫೋರ್ಟ್ ಲೀಯಿಂದ ಕಾರಿನಲ್ಲಿ ಬಂದ ಜನ ಬಾಗಿಲಾಚೆ ಸಾಲು ನಿಂತು ನೀರುದೋಸೆ ತಿಂದು ಹೋಗುತ್ತಿದ್ದರು. ರಾಯರು ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕನ್ನಡ ಸಂಘದ ಉಪಾಧ್ಯಕ್ಷರೂ ಅವರೇ. ತುಂಬ ಒಳ್ಳೆಯವರು ಎಂದು ಹೆಸರಿತ್ತು.

ಗುಲಾಬಕ್ಕ ಅವರ ಊರಿನಲ್ಲಿ ಹೊಳೆ ಕಡಲು ಸೇರುವ ಹೊಳೆಬಾಗಿಲಿನ, ಮೀನು ಹಿಡಿಯುವ ಮೊಗವೀರರ ಕೇರಿಯವಳು. ವಯಸ್ಸು ಐವತ್ತೆರಡೋ ಐವತ್ತಮೂರೋ. ಹುಡುಗಿಯಾಗಿದ್ದಾಗ ರಾಯರ ಮನೆಯ ಅಂಗಳ ಗುಡಿಸಿ, ಹಟ್ಟಿ ಬಳಿದು, ಬಟ್ಟೆ ಒಗೆದವಳು. ಆಗ ರಾಯರು ತೊಟ್ಟಿಲಲ್ಲಿದ್ದರು. ತೊಂಬತ್ತೆಂಟರಲ್ಲಿ ರಾಯರ ಹೆಂಡತಿ ಚಿತ್ರಾ ಬಸುರಿಯಾದಾಗ ಬಾಣಂತನಕ್ಕೆಂದು ಅವಳನ್ನು ಕರೆಸಿಕೊಂಡರು. ಆರು ತಿಂಗಳ ವಿಸಿಟರ್ ವೀಸಾ. ಅರ್ಜಿಯಲ್ಲಿ ಚಿಕ್ಕಮ್ಮ ಎಂದು ಬರೆದಿದ್ದರು. ವಿಮಾನ ಇಳಿದ ದಿನವೇ ರಾಯರು ಪಾಸ್‌ಪೋರ್ಟ್ ಇಸಿದುಕೊಂಡು ಹೋಟೆಲಿನ ಆಫೀಸು ರೂಮಿನ ಕಬ್ಬಿಣದ ಬೀರುವಿನಲ್ಲಿಟ್ಟರು. ಕಳೆದುಹೋದೀತು ಎಂದರು.

ಮಗು ಹುಟ್ಟಿತು. ಅನುಷ್ಕಾ ಎಂದು ಹೆಸರಿಟ್ಟರು. ಗುಲಾಬಕ್ಕ ಮಗುವಿನ ಹೇಲು ಬಳಿದಳು. ಬಾಣಂತಿಯ ರಕ್ತದ ಬಟ್ಟೆ ಒಗೆದಳು. ಅದಕ್ಕೆಲ್ಲ ಮೈಲಿಗೆ ಇರಲಿಲ್ಲ. ಅಕ್ಕಿ ಡಬ್ಬ ಮುಟ್ಟುವಂತಿರಲಿಲ್ಲ. ಆರು ತಿಂಗಳು ಮುಗಿಯಿತು. ಮಗು ಅಂಬೆಗಾಲಿಟ್ಟಿತು, ನಡೆಯಿತು, ಓಡಿತು. ಗುಲಾಬಕ್ಕನನ್ನು ಹೋಟೆಲಿನ ಹಿಂಬದಿಗೆ ಹಾಕಿದರು. ಬೆಳಿಗ್ಗೆ ಮನೆ, ಮಧ್ಯಾಹ್ನದಿಂದ ಹೋಟೆಲು. ಸೊಂಟದೆತ್ತರದ ಸಾಂಬಾರಿನ ಹಂಡೆಯೊಳಗೆ ಅರ್ಧ ಮೈ ಇಳಿಸಿ ಅವಳು ತಿಕ್ಕುವಾಗ ಕಾಲು ಮಾತ್ರ ಕಾಣುತ್ತಿತ್ತು. ಬೆರಳ ಸಂದುಗಳು ಬಿಳುಚಿ ಒಡೆದಿದ್ದವು.

ನಾನು ಅವಳನ್ನು ಕಂಡದ್ದು ಎರಡು ಸಾವಿರದ ಮೇ ತಿಂಗಳಲ್ಲಿ. ನನ್ನ ಹೆಸರು ಶಿವಕುಮಾರ. ಚಾಮರಾಜನಗರದ ಕಡೆಯವನು. ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಎರಡು ಸಾವಿರ ಇಸವಿಗೆ ಕಂಪ್ಯೂಟರುಗಳ ತಾರೀಖು ತಪ್ಪದಂತೆ ಸರಿಪಡಿಸುವ ವೈಟುಕೆ ಕೆಲಸಕ್ಕೆ ಬಂದವನು. ಜನವರಿ ಒಂದನೇ ತಾರೀಖು ಜಗತ್ತು ಮುಳುಗಲಿಲ್ಲ. ನನ್ನ ಕೆಲಸ ಮುಳುಗಿತು. ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿದ್ದೆ. ಕಂಪನಿಯ ಮಾಲೀಕ ಶ್ರೀಹರ್ಷ ನಮ್ಮ ಆರು ಜನರನ್ನು ಎರಡು ಕೋಣೆಯ ಗೆಸ್ಟ್ ಹೌಸಿನಲ್ಲಿ ಇಟ್ಟಿದ್ದ. ಸಂಬಳ ನಿಲ್ಲಿಸಿದ್ದ. ಅವನೂ ರಾಯರೂ ಸ್ನೇಹಿತರು. ಬೆಂಚಿನವರು ಹೋಟೆಲಿನಲ್ಲಿ ಕೈಜೋಡಿಸಿದರೆ ಎರಡು ಹೊತ್ತು ಊಟ. ಹಾಗೆ ನಾನು ಅಲ್ಲಿಗೆ ಹೋದೆ.

ಮೊದಲ ವಾರ ರಾಯರು ನನಗೆ ಬಡಿಸುವ ಕೆಲಸ ಕೊಟ್ಟರು. ಎರಡನೇ ವಾರ ಕೇಳಿದರು.

"ಮೈಸೂರಲ್ಲಿ ಓದಿದ್ದಾ? ಯಾವ ಹಾಸ್ಟೆಲು?"

"ಸೋಷಿಯಲ್ ವೆಲ್ಫೇರ್ ಸರ್."

"ಓ. ಹೌದಾ. ಒಳ್ಳೇದು, ಒಳ್ಳೇದು."

ಮೂರನೇ ವಾರದಿಂದ ನಾನು ಕಸದ ಚೀಲ ಹೊರುವವನಾದೆ. ಯಾರೂ ಬೈಯಲಿಲ್ಲ. ಯಾರೂ ಕಾರಣ ಹೇಳಲಿಲ್ಲ. "ನೀವು ಸ್ವಲ್ಪ ಹಿಂದ್ಗಡೆ ನೋಡ್ಕೊಳ್ಳಿ, ಶಿವಕುಮಾರ್" ಎಂದರು. ಹಿಂದ್ಗಡೆ ಗುಲಾಬಕ್ಕ ಇದ್ದಳು.

"ನಿನ್ನನ್ನೂ ಹಿಂದ್ ದೂಡಿದ್ರಾ?" ಎಂದಳು ಹಂಡೆಯೊಳಗಿಂದ ತಲೆ ಎತ್ತಿ. "ಬಾ ತಮ್ಮ. ಇಲ್ಲಿ ತಂಪಿತ್ತ್." ಅವಳ ಕುಂದಾಪುರದ ಮಾತಿನಲ್ಲಿ ಇತ್ತ್ ಎಂದರೆ ಇದೆ.

ಮೇ ಕೊನೆಯ ಸೋಮವಾರ ಇಲ್ಲಿ ರಜೆ. ಕನ್ನಡ ಸಂಘದ ಪಿಕ್ನಿಕ್ ರಾರಿಟನ್ ಕೊಲ್ಲಿಯ ದಂಡೆಯ ಒಂದು ಪಾರ್ಕಿನಲ್ಲಿ. ಊಟ ರಾಯರ ಹೋಟೆಲಿನದು. ಹಂಡೆಗಳ ಜೊತೆ ನಮ್ಮಿಬ್ಬರನ್ನೂ ವ್ಯಾನಿನಲ್ಲಿ ತುಂಬಿಕೊಂಡು ಹೋದರು.

ಪಾರ್ಕು ಚೆನ್ನಾಗಿತ್ತು. ಹುಲ್ಲು, ಬೆಂಚು, ಮರ. ಅದರಾಚೆ ಆಳೆತ್ತರದ ಜೊಂಡು. ಜೊಂಡಿನ ಮಧ್ಯೆ ಮರದ ಹಲಗೆ ಹೊಡೆದು ಮಾಡಿದ ಕಾಲುದಾರಿ. ಅದನ್ನು ಟ್ರೇಲ್ ಎನ್ನುತ್ತಾರೆ. ಬಿಳಿಯರು ಅದರ ಮೇಲೆ ನಾಯಿ ಹಿಡಿದು ಓಡುತ್ತಿದ್ದರು. ನಾವು ಕಸದ ಚೀಲ ಹಿಡಿದು ನಡೆದೆವು. ಕಸದ ದೊಡ್ಡ ಡಬ್ಬ ಇದ್ದದ್ದು ಟ್ರೇಲಿನ ಆ ತುದಿಯಲ್ಲಿ. ಅಲ್ಲಿಂದ ನೀರು ಕಾಣುತ್ತಿತ್ತು. ಎದುರಿಗೆ ಸ್ಟೇಟನ್ ಐಲೆಂಡ್. ಅದರ ಹಿಂದೆ, ಮಂಜಿನಲ್ಲಿ, ನ್ಯೂಯಾರ್ಕಿನ ಎರಡು ಕಟ್ಟಡದ ತುದಿ. ಇಳಿತದ ಹೊತ್ತು. ಅರ್ಧ ಫರ್ಲಾಂಗು ಕೆಸರು ಬಿಚ್ಚಿಕೊಂಡು ಬಿದ್ದಿತ್ತು.

ಗುಲಾಬಕ್ಕ ಚೀಲ ಕೆಳಗಿಟ್ಟಳು. ಮೂಗು ಎತ್ತಿ ಎರಡು ಸಲ ಉಸಿರೆಳೆದಳು.

"ಹೊಳೆಬಾಗ್ಲಿನ ವಾಸನೆ. ಆದ್ರೆ ಇದ್ರೊಳ್ಗೆ ಪೆಟ್ರೋಲ್ ಇತ್ತ್."

ಕೆಸರಿನ ಅಂಚಿನಲ್ಲಿ ಒಬ್ಬ ಮುದುಕ ಬಕೆಟ್ಟಿಗೆ ತಿನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದ. ಯಾವ ದೇಶದವನೋ. ಅವನ ಮುಂದೆ ಹಸಿರು ಯೂನಿಫಾರ್ಮಿನ ಅಧಿಕಾರಿಯೊಬ್ಬ ನಿಂತು ಏನೋ ಬರೆಯುತ್ತಿದ್ದ. ಮುದುಕ ಜೇಬಿನಿಂದ ಒಂದು ಕಾರ್ಡು ತೆಗೆದು ತೋರಿಸಿದ. ಬಕೆಟ್ಟಿನ ಚಿಪ್ಪನ್ನೆಲ್ಲ ನೀರಿಗೆ ಸುರಿದ.

"ಅವ ಎಂತ ಮಾಡ್ತ?"

"ಇಲ್ಲಿ ಚಿಪ್ಪು ತೆಗೆಯೋ ಹಾಗಿಲ್ಲ ಅಕ್ಕ. ನೀರು ಕೆಟ್ಟಿದೆ. ಬೋರ್ಡ್ ಹಾಕಿದಾರೆ ನೋಡಿ."

ಬೋರ್ಡಿನಲ್ಲಿ ಚಿಪ್ಪಿನ ಚಿತ್ರ. ಅದರ ಮೇಲೆ ಅಡ್ಡ ಕೆಂಪು ಗೆರೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಕಾರ್ಡ್ ಎಂತಕ್ಕೆ ಕೇಳ್ದ?"

"ದಂಡ ಬರೀಬೇಕಲ್ಲ. ಯಾರು ಏನು ಅಂತ ಕೇಳ್ತಾರೆ."

"ಕಾರ್ಡ್ ಇಲ್ದಿದ್ರೆ?"

"ಪಾಸ್‌ಪೋರ್ಟ್ ಕೇಳಬಹುದು."

"ಅದು ಮತ್ತೊಬ್ರ ಹತ್ರ ಇದ್ರೆ?"

ನಾನು ಕಸದ ಡಬ್ಬದ ಮುಚ್ಚಳ ಎತ್ತಿದೆ. ಅವಳು ಚೀಲ ಎತ್ತಿಕೊಂಡಳು.

ಜೂನ್ ಕೊನೆಗೆ ಊರಿನಿಂದ ಕಾಗದ ಬಂತು. ವಾಷಿಂಗ್ ಮಷಿನ್ನಿನ ಮೇಲೆ ಮೂರು ದಿನ ಬಿದ್ದಿದ್ದು, ಭಾನುವಾರ ನಾನು ಅಕ್ಕಿ ಮೂಟೆ ಇಳಿಸಲು ಹೋದಾಗ ಓದಿಸಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ಮಗಳು ಜಲಜ ಬರೆಸಿದ್ದು. ಬಸುರಿ. ಐದು ತಿಂಗಳು. ಒಂದು ಸಲ ಹೋಗಿ ಎರಡನೆಯದು ನಿಂತಿದೆ. ಅಕ್ಟೋಬರಿನಲ್ಲಿ ಹೆರಿಗೆ. ನೀನು ಬಾ ಅಮ್ಮ. ಇವರು ದುಬೈಯಿಂದಲೇ ಟಿಕೆಟ್ ಮಾಡಿಸುತ್ತಾರೆ. ನೀನು ದಿನ ಹೇಳಿದರೆ ಸಾಕು.

"ಇವ್ರ ಹೆಂಡ್ತಿಗೆ ಬಾಳಂತನ ಮಾಡ್ದೆ," ಎಂದಳು. "ನನ್ನ ಮಗ್ಳಿಗೆ ಯಾರ್ ಮಾಡೂದ್?"

ಅವತ್ತು ಸಂಜೆ ಅವಳು ರಾಯರನ್ನು ಕೇಳಿದಳು. ನಾನು ಮೂಟೆ ಹೊರುತ್ತಿದ್ದೆ. ರಾಯರು ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತಿದ್ದರು. ಕೆಳಗಿಳಿಯಲಿಲ್ಲ.

"ಒಡೇರೆ, ನನ್ನ ಪಾಸ್‌ಪೋರ್ಟ್ ಕೊಡಿ. ನಂಗೆ ಊರಿಗೆ ಹೋಯ್ಕ್."

"ಹೋಗುವಿಯಂತೆ. ದೀಪಾವಳಿ ಆಗ್ಲಿ."

"ದೀಪಾವಳಿಗೆ ಮಗು ಹುಟ್ಟಿ ಆಗಿರತ್ತ್."

"ಗುಲಾಬಿ, ನಿಂಗೆ ಗೊತ್ತಾಗೋದಿಲ್ಲ. ನಿನ್ನ ವೀಸಾ ಮುಗ್ದು ಎಷ್ಟು ಕಾಲ ಆಯ್ತು. ಏರ್‌ಪೋರ್ಟಲ್ಲಿ ಹಿಡೀತಾರೆ. ನಾನು ವಕೀಲರ ಹತ್ರ ಮಾತಾಡ್ತಿದ್ದೇನೆ. ಅಲ್ಲಿತನಕ ಸುಮ್ನಿರು."

ವಕೀಲರೂ ಇರಲಿಲ್ಲ, ಮಾತೂ ಇರಲಿಲ್ಲ. ಜುಲೈಯಲ್ಲಿ ಕೇಳಿದಳು. ಆಗಸ್ಟಿನಲ್ಲಿ ಎರಡು ಸಲ ಕೇಳಿದಳು. ಎರಡನೇ ಸಲ ಚಿತ್ರಾ ಹೇಳಿದರು. "ನಾವೇನು ನಿನ್ನ ಕಟ್ಟಿ ಹಾಕಿದ್ದೀವಾ ಗುಲಾಬಿ? ಬಾಗಿಲು ತೆಗ್ದೇ ಇದೆ, ಹೋಗು." ಬಾಗಿಲಾಚೆ ನಾಲ್ಕು ಲೇನಿನ ರಸ್ತೆ ಇತ್ತು. ಕಾರುಗಳು ಹೋಗುತ್ತಿದ್ದವು.

ಆ ತಿಂಗಳು ಅವಳು ನಿಂತಲ್ಲಿ ನಿಲ್ಲಲಿಲ್ಲ. ತೊಳೆದ ಪಾತ್ರೆ ಮತ್ತೆ ತೊಳೆಯುತ್ತಿದ್ದಳು. ಹಿಂದಿನ ಬಾಗಿಲಿಗೆ ಹೋಗಿ ಬರುತ್ತಿದ್ದಳು. ನನ್ನನ್ನು ಒಂದೇ ಮಾತು ಕೇಳುತ್ತಿದ್ದಳು. "ತಮ್ಮ, ಮತ್ತೆ ಆ ಪಾರ್ಕಿಗೆ ಯಾವಾಗ ಹೋಪುದ್?"

ಸೆಪ್ಟೆಂಬರಿನ ಮೊದಲ ಸೋಮವಾರ ಮತ್ತೆ ರಜೆ. ಮತ್ತೆ ಪಿಕ್ನಿಕ್. ಅದೇ ಪಾರ್ಕು.

ಬೆಳಿಗ್ಗೆ ಒಂಬತ್ತಕ್ಕೆ ಹಂಡೆ ಇಳಿಸಿದೆವು. ಹನ್ನೊಂದಕ್ಕೆ ಜನ ಬಂದರು. ನೂರೈವತ್ತು ಜನ. ಮಕ್ಕಳಿಗೆ ಗೋಣಿಚೀಲದ ಓಟ. ಗಂಡಸರ ಬಾಯಲ್ಲಿ ಸ್ಟಾಕು, ಗ್ರೀನ್ ಕಾರ್ಡು, ಯಾರು ಯಾವ ಡಾಟ್ ಕಾಮಿಗೆ ಹಾರಿದ. ಹೆಂಗಸರ ಬಾಯಲ್ಲಿ ಸ್ಕೂಲು. ಗುಲಾಬಕ್ಕ ಒಂದು ಪಾತ್ರೆಯ ಮುಚ್ಚಳ ತೆಗೆದು ಸೌಟು ಹಾಕಲು ಹೋದಳು. ಚಿತ್ರಾ ಓಡಿ ಬಂದರು. ದನಿ ತಗ್ಗಿಸಿದರು.

"ಗುಲಾಬಿ, ಬಡಿಸೋದಕ್ಕೆ ಜನ ಇದ್ದಾರೆ. ನೀನು ನಲ್ಲಿ ಹತ್ರ ಇರು."

ನಲ್ಲಿ ಜೊಂಡಿನ ಪಕ್ಕ ಇತ್ತು. ಅವಳು ಅಲ್ಲಿ ಒಂದು ಕಲ್ಲಿನ ಮೇಲೆ ಕೂತಳು. ನಾನು ಖಾಲಿ ಪಾತ್ರೆ ತಂದು ಸುರಿದೆ. ದೂರದಲ್ಲಿ, ಕಾರು ನಿಲ್ಲಿಸುವ ಜಾಗದಲ್ಲಿ, ಹಸಿರು ಬಣ್ಣದ ಟ್ರಕ್ ಬಂದು ನಿಂತಿತು. ಅವಳು ಅದನ್ನು ನೋಡಿದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಆಗ ಅನುಷ್ಕಾ ಬಂದಳು. ಎರಡು ವರ್ಷದ ಮಗು. ಕೈಯಲ್ಲಿ ಅರ್ಧ ಲಾಡು. ಆ ಮನೆಯಲ್ಲಿ ಗುಲಾಬಕ್ಕನ ಕೈಗೆ ನೇರವಾಗಿ ಏನಾದರೂ ಕೊಡುತ್ತಿದ್ದದ್ದು ಆ ಮಗು ಒಂದೇ. ಎಂಜಲು ಬಿಸ್ಕತ್ತನ್ನು ಅವಳ ಬಾಯಿಗೇ ತುರುಕುತ್ತಿತ್ತು. ಗುಲಾಬಕ್ಕ ನೊರೆಯ ಕೈ ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಕೊಡ್ ಪುಟ್ಟಾ."

ಮಗು ಕೈಯನ್ನು ನೋಡಿತು. ಆಮೇಲೆ ಬಗ್ಗಿ ಲಾಡನ್ನು ಹುಲ್ಲಿನ ಮೇಲೆ ಇಟ್ಟಿತು. ಎರಡು ಹೆಜ್ಜೆ ಹಿಂದೆ ಸರಿಯಿತು. "ಟೇಕ್," ಎಂದಿತು. ಓಡಿಹೋಯಿತು.

ಯಾರು ಕಲಿಸಿದರೋ. ಯಾರೂ ಕಲಿಸಿರಲಿಕ್ಕಿಲ್ಲ. ನೋಡಿ ಕಲಿತಿರಬೇಕು.

ಚಿಕ್ಕವನಾಗಿದ್ದಾಗ ನಮ್ಮೂರ ಹೋಟೆಲಿನವನು ನನ್ನ ಬೊಗಸೆಗೆ ಮೊಳದೆತ್ತರದಿಂದ ನೀರು ಬಿಡುತ್ತಿದ್ದ. ಅರ್ಧ ನೀರು ಮೊಣಕೈಯಿಂದ ಇಳಿದು ಚಡ್ಡಿ ಒದ್ದೆ ಮಾಡುತ್ತಿತ್ತು. ಆ ಒದ್ದೆ ನನಗೆ ಈ ಹುಲ್ಲಿನ ಮೇಲೆ ಮತ್ತೆ ತಾಗಿತು. ನಾನು ಬೇರೆ ಕಡೆ ನೋಡಿದೆ.

ಗುಲಾಬಕ್ಕ ಎದ್ದಳು. ಲಾಡು ಮುಟ್ಟಲಿಲ್ಲ. ತೊಳೆದಿಟ್ಟ ಪಾತ್ರೆಗಳಲ್ಲಿ ಒಂದು ಸ್ಟೀಲ್ ಬೋಗುಣಿ ಆರಿಸಿಕೊಂಡಳು. ರಾಯರ ಹೋಟೆಲಿನಲ್ಲಿ ಪಾಯಸಕ್ಕೆ ಬಳಸುತ್ತಿದ್ದ ಬೋಗುಣಿ. ಟ್ರೇಲಿನ ಹಲಗೆಯ ಮೇಲೆ ಬಿರಬಿರನೆ ನಡೆದಳು. ನಾನು ಹಿಂದೆ ಓಡಿದೆ.

"ಅಕ್ಕ, ಎಲ್ಲಿಗೆ?"

ಟ್ರೇಲಿನ ತುದಿ. ಬೋರ್ಡು. ಚಪ್ಪಲಿ ಬಿಟ್ಟಳು. ಸೀರೆಯನ್ನು ಮೊಣಕಾಲ ಮೇಲಕ್ಕೆ ಎತ್ತಿ ಕಚ್ಚೆ ಹಾಕಿ ಸೊಂಟಕ್ಕೆ ಬಿಗಿದಳು. ಕೆಸರಿಗೆ ಇಳಿದಳು.

ಅವಳು ಕಣ್ಣಿನಿಂದ ಹುಡುಕಲಿಲ್ಲ. ಪಾದದಿಂದ ಹುಡುಕಿದಳು. ಹಿಮ್ಮಡಿ ಊರಿ ಎಡಕ್ಕೆ ತಿರುಚುವುದು, ಬಲಕ್ಕೆ ತಿರುಚುವುದು. ಹೆಬ್ಬೆರಳಿಗೆ ಗಟ್ಟಿ ತಾಗಿದರೆ ಬಗ್ಗುವುದು. ಮೊಣಕೈಯವರೆಗೆ ಕೈ ಇಳಿಸಿ ಕೀಳುವುದು. ಬೋಗುಣಿಗೆ ಠಣ್ ಎಂದು ಎಸೆಯುವುದು. ಮತ್ತೆ ಹಿಮ್ಮಡಿ. ಎರಡು ವರ್ಷ ಸಿಂಕಿನ ಮುಂದೆ ಬಗ್ಗಿದ ಬೆನ್ನು ಇಲ್ಲಿ ಸಲೀಸಾಗಿ ಬಗ್ಗುತ್ತಿತ್ತು. ಹತ್ತು ನಿಮಿಷಕ್ಕೆ ಬೋಗುಣಿ ಅರ್ಧ ತುಂಬಿತು. ಕಪ್ಪು ಕೆಸರು ತೊಡೆಯವರೆಗೆ. ಚಿಪ್ಪು ಬಿದ್ದ ಸದ್ದು ದಂಡೆಯುದ್ದಕ್ಕೂ ಕೇಳುತ್ತಿತ್ತು.

"ಅಕ್ಕ, ಬನ್ನಿ. ಬೋರ್ಡ್ ಇದೆ. ಆಫೀಸರ್ ಬಂದಿದಾನೆ."

"ಕಂಡಿದೆ," ಎಂದಳು. ಬೇಕೆಂದೇ ಇನ್ನೊಂದು ಚಿಪ್ಪನ್ನು ಮೇಲಿನಿಂದ ಎಸೆದಳು.

ಆಗ ನನಗೆ ತಿಳಿಯಿತು. ಮೇ ತಿಂಗಳಿನಿಂದ ಅವಳು ಇದನ್ನು ಯೋಚಿಸಿಕೊಂಡೇ ಇದ್ದಳು.

ಆಫೀಸರ್ ಬಂದ. ನಲವತ್ತರ ಆಸುಪಾಸು. ಬಿಸಿಲಿಗೆ ಸುಟ್ಟ ಕತ್ತು. ಬೋರ್ಡು ತೋರಿಸಿದ. ಬೋಗುಣಿ ತೋರಿಸಿದ. ಅವಳಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಿದ. ಇಲ್ಲ, ನನಗೆ ಬರುತ್ತದೆ ಎಂದೆ.

"ಈಕೆಯ ಗುರುತಿನ ಚೀಟಿ ಬೇಕು."

ನಾನು ಅವಳಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಪಾಸ್‌ಪೋರ್ಟ್ ಇತ್ತ್ ಅಂತ ಹೇಳ್. ನನ್ನ ಹತ್ರ ಇಲ್ಲೆ ಅಂತ ಹೇಳ್. ಯಾರ ಹತ್ರ ಇತ್ತ್ ಅಂತ ಅವ ಕೇಳ್ಲಿ."

ನಾನು ಹೇಳುವಷ್ಟರಲ್ಲಿ ಹಲಗೆಯ ಮೇಲೆ ಬೂಟಿನ ಸದ್ದು. ರಾಯರು ಓಡಿ ಬಂದರು. ಹಿಂದೆ ಚಿತ್ರಾ, ಅವರ ಹಿಂದೆ ತಟ್ಟೆ ಹಿಡಿದ ಹತ್ತಾರು ಜನ. ರಾಯರ ಕಣ್ಣು ಮೊದಲು ಹೋದದ್ದು ಬೋಗುಣಿಯ ಮೇಲೆ.

"ಅಯ್ಯೋ, ಪಾಯಸದ ಪಾತ್ರೆ," ಎಂದರು ಚಿತ್ರಾ.

ರಾಯರು ನಗು ತಂದುಕೊಂಡು ಆಫೀಸರನ ಕಡೆ ತಿರುಗಿದರು. ಅವರ ಇಂಗ್ಲಿಷು ಚೆನ್ನಾಗಿತ್ತು. "ಕ್ಷಮಿಸಿ ಆಫೀಸರ್. ಇವರು ನನ್ನ ಚಿಕ್ಕಮ್ಮ. ನನ್ನ ತಾಯಿಯ ತಂಗಿ. ಊರಿನಿಂದ ನಮ್ಮನ್ನು ನೋಡಲು ಬಂದಿದ್ದಾರೆ. ಇಲ್ಲಿನ ನಿಯಮ ಗೊತ್ತಿಲ್ಲ. ವಯಸ್ಸಾದವರು. ಪಾಸ್‌ಪೋರ್ಟ್ ನಾನೇ ಜೋಪಾನವಾಗಿ ಇಟ್ಟಿದ್ದೇನೆ."

ಆಫೀಸರ್ ತಲೆಯಾಡಿಸಿದ. ನನ್ನ ಕಡೆ ಪೆನ್ನು ತೋರಿಸಿದ. "ನೀನು ಆಕೆಯನ್ನು ಕೇಳು. ಈತ ಆಕೆಯ ಅಕ್ಕನ ಮಗನೇ?"

ನಾನು ಬಾಯಿ ತೆರೆಯುವ ಮೊದಲು ರಾಯರು ಕನ್ನಡದಲ್ಲಿ, ನಗುತ್ತಲೇ ಹೇಳಿದರು. "ಶಿವಕುಮಾರ್, ಕೇಳಿದ ಹಾಗೆ ಮಾಡಿ ಹೌದು ಅಂದ್ಬಿಡಿ. ಸತ್ಯ ಹೇಳಿದ್ರೆ ಅವಳನ್ನ ಜೈಲಿಗೆ ಹಾಕ್ತಾರೆ. ವೀಸಾ ಇಲ್ಲ. ನೀವು ಹೋಟೆಲಲ್ಲಿ ಕೆಲಸ ಮಾಡಿದ್ದೂ ಬರತ್ತೆ. ನಿಮ್ಮ ವೀಸಾನೂ ಹೋಗತ್ತೆ. ಶ್ರೀಹರ್ಷ ನಿಮಗೊಂದು ಪ್ರಾಜೆಕ್ಟ್ ನೋಡ್ತಿದ್ದಾನೆ. ಗೊತ್ತಲ್ಲ?"

ಗೊತ್ತಿತ್ತು. ಎರಡೇ ಶರ್ಟು ಇಟ್ಟುಕೊಂಡು ಬೆಂಚಿನಲ್ಲಿ ಕೂತವನಿಗೆ ಎಲ್ಲವೂ ಗೊತ್ತಿರುತ್ತದೆ. ನಾನು ಅವಳನ್ನು ಕೇಳಲಿಲ್ಲ. ಆಫೀಸರನಿಗೆ ಹೇಳಿದೆ.

"ಹೌದಂತೆ."

ಆಫೀಸರ್ ಪುಸ್ತಕ ಅರ್ಧ ಮುಚ್ಚಿದ. ಮನೆಯ ಹಿರಿಯರು, ತಿಳಿಯದೆ ಮಾಡಿದ್ದು, ಈ ಸಲ ಎಚ್ಚರಿಕೆ ಕೊಟ್ಟು ಬಿಡುತ್ತೇನೆ, ಚಿಪ್ಪು ನೀರಿಗೆ ಸುರಿಯಿರಿ ಎಂದ. ರಾಯರು ಅವನ ಕೈ ಕುಲುಕಿದರು. ಊಟ ಮಾಡಿ ಹೋಗಿ ಎಂದರು.

ಗುಲಾಬಕ್ಕ ನನ್ನನ್ನೇ ನೋಡುತ್ತಿದ್ದಳು.

"ನೀ ಎಂತ ಹೇಳ್ದೆ?"

"ನೀವು ಅವರ ಚಿಕ್ಕಮ್ಮ ಅಂತ. ಹೌದು ಅಂದೆ."

"ನನ್ನ ಕೇಳ್ದ್ಯಾ?"

"ಇಲ್ಲ."

"ನಾನ್ ಹೇಳ್ದೇ ಇದ್ದದ್ನ ನೀ ಎಂತಕ್ಕೆ ಹೇಳ್ದೆ? ಅವ್ರ್ ನಿಂಗೂ ತಟ್ಟೆ ಬೇರೆ ಇಟ್ಟಿದ್ರ್, ಅಲ್ದಾ?"

ತಟ್ಟೆ ಹಿಡಿದು ನಿಂತವರ ಮುಂದೆ ಹೇಳಿದಳು. ನನ್ನ ಮುಖ ಕಾದಿತು. ಅವಳು ನನ್ನನ್ನು ಬಿಟ್ಟು ರಾಯರ ಕಡೆ ತಿರುಗಿದಳು.

"ಹೋಯ್, ಮಾಬ್ಲ."

ರಾಯರನ್ನು ಹಾಗೆ ಕರೆಯಲು ಊರಿನಲ್ಲಿ ಅವರ ಅಮ್ಮ ಮಾತ್ರ ಉಳಿದಿದ್ದರು.

"ಎಂತ ಹಾಂಗ್ ಕಾಣ್ತೆ? ಚಿಕ್ಕಮ್ಮ ಹೆಸರ್ ಹಿಡ್ದ್ ಕರೀಬಾರ್ದಾ? ಚಿಕ್ಕಮ್ಮನ ತಟ್ಟೆ ಎಂತಕ್ಕೆ ಬಟ್ಟೆ ಒಗೂ ಮಷಿನ್ ಮೇಲ್ ಇತ್ತ್? ನಿನ್ನ ಅಮ್ಮ ನನ್ನನ್ನ ತಂಗಿ ಅಂತ ಯಾವತ್ ಒಳಗೆ ಕರ್ದಿದ್ರ್? ಹೇಳ್ ಇವ್ನಿಗೆ."

"ಗುಲಾಬಿ, ಜನರ ಮುಂದೆ..." ಎಂದರು ಚಿತ್ರಾ.

"ಜನ್ರ ಮುಂದೇ. ಬೇಸ್‌ಮೆಂಟಲ್ಲಿ ಹೇಳಿ ಹೇಳಿ ಸಾಕಾಯ್ತ್."

"ಜೈಲಿಗೆ ಹೋಗ್ತೀಯ," ಎಂದರು ರಾಯರು. ನಗು ಹೋಗಿತ್ತು. "ನೆನಪಿಟ್ಕೋ. ಜೈಲಿಗೆ ಹೋಗ್ತೀಯ."

"ಜೈಲಲ್ಲಿ ಊಟ ಕೈಗೆ ಕೊಡ್ತ್ರಾ, ನೆಲದ್ ಮೇಲೆ ಇಡ್ತ್ರಾ? ಕೈಗೆ ಕೊಟ್ರೆ ಅಲ್ಲೇ ಇರ್ತೆ." ನನ್ನ ಕಡೆ ತಿರುಗಿದಳು. "ತಮ್ಮ, ಈಗ ಸರಿಯಾಗ್ ಹೇಳ್. ನಾನ್ ಹೇಳ್ದಷ್ಟೇ ಹೇಳ್. ನಾನ್ ಇವ್ನ ಚಿಕ್ಕಮ್ಮ ಅಲ್ಲ. ಕೆಲಸದವ್ಳು. ಎರಡ್ ವರ್ಷ ಆಯ್ತ್. ನನ್ನ ಪಾಸ್‌ಪೋರ್ಟ್ ಇವ ಬೀರಲ್ಲಿ ಇಟ್ಟ್ ಬೀಗ ಹಾಕಿದ್ದ. ಕೇಳಿದ್ರೆ ಕೊಡ್ತಿಲ್ಲೆ. ನಂಗೆ ಮಗಳ ಹೆರ್ಗಿಗೆ ಹೋಯ್ಕ್. ಮತ್ತೆ, ಬೋರ್ಡ್ ಕಂಡೇ ಚಿಪ್ಪ್ ತೆಗ್ದದ್ದ್. ಈ ನೀರಿನ ಚಿಪ್ಪ್ ಯಾರ್ ತಿಂತ್ರ್? ವಾಸನೆ ಹೊಡೀತ್. ಅವ ಬಂದ್ ಕೇಳ್ಲಿ ಅಂತ ತೆಗ್ದೆ."

ರಾಯರು ನನ್ನ ತೋಳು ಹಿಡಿದರು. ಬೆರಳು ಗಟ್ಟಿಯಾಗಿ ಒತ್ತಿತು. ಕಸದ ಚೀಲ ಹೊರುವವನ ತೋಳನ್ನು ಅವರು ಮುಟ್ಟಿದ್ದು ಅದೇ ಮೊದಲು.

ನಾನು ತೋಳು ಬಿಡಿಸಿಕೊಂಡೆ. "ನಾನು ಈಗ ಹೇಳಿದ್ದು ಸುಳ್ಳು," ಎಂದೆ ಆಫೀಸರನಿಗೆ. ಆಮೇಲೆ ಅವಳು ಹೇಳಿದ್ದನ್ನು ಒಂದೊಂದೇ ವಾಕ್ಯವಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ.

ಆಫೀಸರ್ ಅರ್ಧ ಮುಚ್ಚಿದ ಪುಸ್ತಕವನ್ನು ಪೂರ್ತಿ ತೆರೆದ. ರಾಯರು ಮಾತಾಡಲು ಬಂದರು. ಅವನು ಕೈ ಅಡ್ಡ ಹಿಡಿದ.

"ಪಾಸ್‌ಪೋರ್ಟ್ ಎಲ್ಲಿದೆ ಸರ್?"

"ನನ್ನ ರೆಸ್ಟೋರೆಂಟಿನಲ್ಲಿ. ಜೋಪಾನವಾಗಿ..."

"ಎಷ್ಟು ದೂರ?"

"ಇಪ್ಪತ್ತು ನಿಮಿಷ."

"ಹೋಗಿ ತನ್ನಿ. ಆಕೆ ಇಲ್ಲೇ ಇರುತ್ತಾಳೆ. ನಾನೂ ಇರುತ್ತೇನೆ. ಒಂದು ಗಂಟೆಯಲ್ಲಿ ಬರದಿದ್ದರೆ ಊರಿನ ಪೊಲೀಸರನ್ನು ಕರೆಯುತ್ತೇನೆ. ನಿಮ್ಮ ಲೈಸೆನ್ಸ್ ಕೊಟ್ಟು ಹೋಗಿ."

ರಾಯರು ಲೈಸೆನ್ಸ್ ಕೊಟ್ಟರು. ಹಲಗೆಯ ಮೇಲೆ ಹೋದರು. ಈ ಸಲ ಓಡಲಿಲ್ಲ.

ಆಫೀಸರ್ ಅವಳಿಗೆ ದಂಡದ ಚೀಟಿ ಬರೆದ. ನಿಯಮ ನಿಯಮವೇ ಎಂದ. ಹೆಸರು ಕೇಳಿದ. ಅವಳು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. ಅವನು ತಪ್ಪಾಗಿ ಬರೆದ. ನಾನು ತಿದ್ದಿಸಿದೆ. ಅವನು ಚೀಟಿ ಹರಿದು ಅವಳ ಕೆಸರಿನ ಕೈಗೆ ಕೊಟ್ಟ. ಕೊಟ್ಟ, ಅಷ್ಟೇ. ಅವನಿಗೆ ಅದು ವಿಷಯವೇ ಅಲ್ಲ. ಗುಲಾಬಕ್ಕ ಆ ಚೀಟಿಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು.

"ಎಂತ ಬರ್ದ?"

"ನಿಮ್ಮ ಹೆಸರು. ದಂಡ."

"ಕಟ್ಟುವ," ಎಂದಳು. "ತಪ್ಪ್ ಮಾಡಿದ್ದೆ ಅಲ್ದಾ."

ವೀಸಾದ ವಿಷಯವೂ ಕೇಳಿದ. ಮುಗಿದಿದೆ ಎಂದೆ. ಅದು ನನ್ನ ಇಲಾಖೆಯಲ್ಲ ಎಂದ. ನ್ಯೂಯಾರ್ಕಿನಲ್ಲಿ ನಿಮ್ಮ ದೇಶದ ಆಫೀಸು ಇದೆಯಲ್ಲ, ನಾಳೆಯೇ ಅಲ್ಲಿಗೆ ಕರೆದುಕೊಂಡು ಹೋಗು ಎಂದ. ಆಮೇಲೆ ದಂಡೆಯುದ್ದಕ್ಕೆ ಅತ್ತಿಂದಿತ್ತ ನಡೆಯುತ್ತಿದ್ದ. ದೂರ ಹೋಗಲಿಲ್ಲ.

ಪಿಕ್ನಿಕ್ಕಿನವರು ಗುಂಪು ಗುಂಪಾಗಿ ನಿಂತಿದ್ದರು. ಒಬ್ಬರು ನನ್ನ ಹತ್ತಿರ ಬಂದರು. ನಿರುಪಮಾ ಆಂಟಿ. ಸಂಘದಲ್ಲಿ ದಾನ ಧರ್ಮದ ಮಾತಾಡುವವರು.

"ನಮ್ಮ ನಮ್ಮಲ್ಲೇ ಮಾತಾಡಿ ಸಾಲ್ವ್ ಮಾಡ್ಕೋಬಹುದಿತ್ತು ಅಲ್ವೇನಪ್ಪ? ಈಗ ನೋಡು, ಅಮೆರಿಕನ್ಸ್ ಮುಂದೆ ನಮ್ ಕಮ್ಯುನಿಟಿ 'ಇಮೇಜ್' ಏನಾಯ್ತು?"

"ಜೂನಿಂದ ನಮ್ಮ ನಮ್ಮಲ್ಲೇ ಕೇಳಿದ್ರು ಆಂಟಿ."

"ಆದ್ರೂ."

ಆದ್ರೂ ಎಂದು ಅವರು ತಟ್ಟೆ ಹಿಡಿದು ಹಿಂದೆ ಹೋದರು. ಪಾಯಸ ತಣ್ಣಗಾಗುತ್ತಿತ್ತು.

ಭರತ ಏರತೊಡಗಿತು. ಅವಳು ಅಗೆದ ಗುಂಡಿಗಳು ಒಂದೊಂದಾಗಿ ತುಂಬಿಕೊಂಡವು. ಗುಲಾಬಕ್ಕ ಬೋಗುಣಿಯ ಚಿಪ್ಪನ್ನು ನೀರಿಗೆ ಸುರಿದಳು. ಕೈಕಾಲು ತೊಳೆಯಲಿಲ್ಲ. ಹಲಗೆಯ ತುದಿಯಲ್ಲಿ ಕೂತಳು. ಕೆಸರು ಒಣಗಿ ಬಿರುಕುಬಿಟ್ಟಿತು. ಕೂತಿರಲಾರದೆ ಎದ್ದಳು, ಮತ್ತೆ ನೀರಿನ ಅಂಚಿಗೆ ಹೋದಳು, ಮತ್ತೆ ಬಂದಳು. ಅವಳ ಕೈ ಮತ್ತೆ ಹಸಿ ಕೆಸರಾಗಿತ್ತು.

"ಬತ್ನಾ ಅವ?" ಎಂದಳು.

"ಬರ್ತಾರೆ. ಲೈಸೆನ್ಸ್ ಇದೆಯಲ್ಲ."

"ನಿನ್ನ ಕೆಲಸ ಹೋಯ್ತ್, ಅಲ್ದಾ?"

"ಇರಲಿಲ್ಲವಲ್ಲ ಅಕ್ಕ."

ಅವಳು ಮೂಗಿನಲ್ಲಿ ನಕ್ಕಳು.

ಐವತ್ತು ನಿಮಿಷಕ್ಕೆ ರಾಯರು ಬಂದರು. ಬೆವರಿದ್ದರು. ಕೈಯಲ್ಲಿ ನೀಲಿ ಪಾಸ್‌ಪೋರ್ಟ್. ಹಲಗೆದಾರಿಗೆ ಕಟ್ಟಿದ ಮರದ ಕಟಕಟೆಯ ಹತ್ತಿರ ನಿಂತರು. ಪಾಸ್‌ಪೋರ್ಟನ್ನು ಕಟಕಟೆಯ ಮೇಲೆ ಇಟ್ಟರು. ಎರಡು ಹೆಜ್ಜೆ ಹಿಂದೆ ಸರಿದರು.

ಅವರು ಬೇಕೆಂದು ಮಾಡಲಿಲ್ಲ. ಅದು ನನಗೆ ಖಂಡಿತ ಗೊತ್ತು. ಕೈಗೆ ಅದು ರೂಢಿಯಾಗಿತ್ತು.

ಗುಲಾಬಕ್ಕ ಪಾಸ್‌ಪೋರ್ಟನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ. ಜೂನಿನಿಂದ ಕೇಳಿದ್ದು ಅದನ್ನೇ. ಒಂದು ಮೊಳ ದೂರದಲ್ಲಿತ್ತು. ಗಾಳಿಗೆ ಅದರ ರಟ್ಟು ಎದ್ದು ಬಿದ್ದಿತು. ಇನ್ನೂ ಜೋರು ಗಾಳಿ ಬಂದರೆ ನೀರಿಗೆ ಹೋಗುತ್ತಿತ್ತು. ಆಫೀಸರ್ ತಾನೇ ಎತ್ತಿಕೊಡಲು ಮುಂದೆ ಬಂದ.

"ನೋ," ಎಂದಳು ಗುಲಾಬಕ್ಕ. ಅವಳು ಆಡಿದ ಒಂದೇ ಇಂಗ್ಲಿಷ್ ಮಾತು. ಅವನು ನಿಂತ.

ಅವಳು ಬಲಗೈ ಚಾಚಿದಳು. ಅಂಗೈ ಮೇಲೆ. ಮೊಣಕೈಯವರೆಗೆ ಕಪ್ಪು ಕೆಸರು.

"ಕೈಗೆ ಕೊಡಿ," ಎಂದಳು. ಮತ್ತೆ ಬಹುವಚನಕ್ಕೆ ಬಂದಿದ್ದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಮಾರ್ಕೆಟಿನಲ್ಲಿ ಮೀನು ಕೊಂಡವರ ಹತ್ತಿರ ಹೇಳುವ ಹಾಗೆ ಹೇಳಿದಳು.

ರಾಯರು ಸುತ್ತ ನೋಡಿದರು. ಸಂಘದವರು ನೋಡುತ್ತಿದ್ದರು. ಚಿತ್ರಾ ನೆಲ ನೋಡುತ್ತಿದ್ದರು. ಅವರ ಸೊಂಟದ ಮೇಲೆ ಅನುಷ್ಕಾ ಬೆರಳು ಚೀಪುತ್ತ ಆ ಚಾಚಿದ ಕೈಯನ್ನು ನೋಡುತ್ತಿತ್ತು.

"ಅಲ್ಲೇ ಇದೆಯಲ್ಲ, ತಗೋ," ಎಂದರು ರಾಯರು.

ಕೈ ಕದಲಲಿಲ್ಲ.

"ಏನಂತೆ?" ಎಂದು ಆಫೀಸರ್ ನನ್ನನ್ನು ಕೇಳಿದ.

"ಅವರೇ ಕೈಗೆ ಕೊಡಬೇಕಂತೆ."

ಅವನಿಗೆ ಅರ್ಥವಾಗಲಿಲ್ಲ. ಭುಜ ಕುಣಿಸಿದ. "ಸರ್, ಆಕೆಯ ಕೈಗೆ ಕೊಡಿ," ಎಂದ.

ರಾಯರು ಎರಡು ಹೆಜ್ಜೆ ಮುಂದೆ ಬಂದರು. ಪಾಸ್‌ಪೋರ್ಟ್ ಎತ್ತಿದರು. ತುದಿಯಲ್ಲಿ, ಎರಡು ಬೆರಳಿನಿಂದ ಹಿಡಿದು ಅಂಗೈಯ ಮೇಲೆ ಬೀಳಿಸಲು ನೋಡಿದರು. ಗುಲಾಬಕ್ಕ ಬಿಡಲಿಲ್ಲ. ಪಾಸ್‌ಪೋರ್ಟನ್ನೂ ಅದನ್ನು ಹಿಡಿದ ಬೆರಳುಗಳನ್ನೂ ಸೇರಿಸಿ ಗಪ್ಪನೆ ಹಿಡಿದಳು. ಹಂಡೆ ತಿಕ್ಕಿದ ಕೈ. ಚಿಪ್ಪು ಕಿತ್ತ ಕೈ. ಐದು ಎಣಿಸುವಷ್ಟು ಹೊತ್ತು ಹಿಡಿದಳು. ಆಮೇಲೆ ಬಿಟ್ಟಳು.

ಪಾಸ್‌ಪೋರ್ಟನ್ನು ಒರೆಸದೆ ರವಿಕೆಯೊಳಗೆ, ದಂಡದ ಚೀಟಿಯ ಜೊತೆ ಇಟ್ಟಳು. ಚಪ್ಪಲಿ ಮೆಟ್ಟಿದಳು. "ನಡಿ ತಮ್ಮ. ಬಸ್ಸ್ ಎಲ್ ಸಿಕ್ಕತ್ತ್?" ಎಂದಳು. ನಾವು ಟ್ರೇಲಿನ ಹಲಗೆಯ ಮೇಲೆ ನಡೆದೆವು. ಜನ ದಾರಿ ಬಿಟ್ಟರು. ಅವರು ಹಿಂದೆ ಸರಿದದ್ದು ಯಾತಕ್ಕೆ ಎಂದು ನಾನು ಯೋಚಿಸಲಿಲ್ಲ.

ರಸ್ತೆಗೆ ಹತ್ತುವ ಮೊದಲು ತಿರುಗಿ ನೋಡಿದೆ. ರಾಯರು ಬಲಗೈಯನ್ನು ಮೈಯಿಂದ ದೂರ ಹಿಡಿದುಕೊಂಡು ನಲ್ಲಿಯ ಹತ್ತಿರ ಬಂದಿದ್ದರು. ನಲ್ಲಿಯ ಸುತ್ತ ಹಂಡೆ, ಸೌಟು, ಬಾಣಲೆ, ನೂರೈವತ್ತು ಜನ ಉಂಡ ಪಾತ್ರೆಗಳ ರಾಶಿ. ನೊಣ ಮುತ್ತಿತ್ತು. ಕಾಲಿಡಲು ಜಾಗವಿರಲಿಲ್ಲ. ಕೆಸರಿನ ಕೈ ಎತ್ತಿ ಹಿಡಿದು, ಆ ರಾಶಿ ಸರಿಸುವವರು ಯಾರಾದರೂ ಬರುತ್ತಾರೇನೋ ಎಂದು ಅವರು ನಿಂತೇ ಇದ್ದರು.